ಓದುಗರ ಪ್ರಶ್ನೆ: ಮಾಸು, ಬಸುರು ಮತ್ತು ವಾರದ ಲೆಕ್ಕ

ಗರ್ಭಿಣಿಯರ ರಕ್ತದೊತ್ತಡವನ್ನು ಕುರಿತು ಈ ಅಂಕಣದಲ್ಲಿ ಹಿಂದೆ ಬರೆದ ಉತ್ತರಗಳನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಾಸಿಗೆ ಸಂಬಂಧಿಸಿದವು. ಪಠ್ಯಪುಸ್ತಕಗಳು ಜರಾಯು ಎಂದೂ ಆಸ್ಪತ್ರೆಯವರು ಪ್ಲಾಸೆಂಟಾ ಎಂದೂ ಕರೆಯುವ ಈ ಅಂಗವನ್ನು ಕೆಲವು ಕಡೆ ಕಸ ಎಂದೂ ಹೇಳುವುದುಂಟು. ಒಂಬತ್ತು ತಿಂಗಳು ಮಗುವಿಗೆ ಶ್ವಾಸಕೋಶ, ಮೂತ್ರಪಿಂಡ, ಕರುಳು ಎಲ್ಲವೂ ಆಗಿ ದುಡಿದ ಅಂಗಕ್ಕೆ ಆ ಹೆಸರು ಸಲ್ಲದು ಎಂದು ನಾನು ಭಾವಿಸುತ್ತೇನೆ. ಆದ್ದರಿಂದ ಇಲ್ಲಿ ಮಾಸು ಎಂದೇ ಬರೆದಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನನ್ನ ಮೊದಲ ಹೆರಿಗೆಯಲ್ಲಿ 33ನೇ ವಾರಕ್ಕೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡು, ತುರ್ತಾಗಿ ಸಿಸೇರಿಯನ್ ಮಾಡಿದರು. ಮಗಳು ಹುಟ್ಟಿದಾಗ 1.6 ಕಿಲೋ ಇದ್ದಳು, ಈಗ ಆರೋಗ್ಯವಾಗಿದ್ದಾಳೆ. ಆಪರೇಷನ್ನಿಗೆ ಮೊದಲು ಮಾಸಿನ ತುಣುಕುಗಳನ್ನು ಸಂಶೋಧನೆಗೆ ಕೊಡುವಿರಾ ಎಂದು ಕೇಳಿ ಸಹಿ ಪಡೆದರು. ನಮ್ಮ ಮನೆಯಲ್ಲಿ ಮಾಸನ್ನು ಹಿತ್ತಲಲ್ಲಿ ಹೂಳುವ ಪದ್ಧತಿಯಿದೆ. ಅತ್ತೆಯವರಿಗೆ ಇಂದಿಗೂ ಬೇಸರವಿದೆ. ಆ ತುಣುಕುಗಳಿಂದ ಏನು ತಿಳಿಯುತ್ತದೆ? ನನ್ನ ತಪ್ಪಿನಿಂದ ಹೀಗಾಯಿತೇ ಎಂಬುದೂ ಅದರಲ್ಲಿ ಗೊತ್ತಾಗುತ್ತದೆಯೇ? (ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ ಎಂದು ಪತ್ರದಿಂದ ತೋರುತ್ತದೆ. ಇದು ನಿಮ್ಮ ತಪ್ಪಿನಿಂದ ಆದದ್ದಲ್ಲ. ನೀವು ಉಂಡ ಯಾವುದೋ ಪದಾರ್ಥವಾಗಲಿ, ಎತ್ತಿದ ಕೊಡವಾಗಲಿ, ಮಾಡಿದ ಪ್ರಯಾಣವಾಗಲಿ ಇದಕ್ಕೆ ಕಾರಣವಲ್ಲ. ಪ್ರಿ-ಎಕ್ಲಾಂಪ್ಸಿಯಾ ಎಂಬ ಈ ಕಾಯಿಲೆಯನ್ನು ನಮ್ಮಲ್ಲಿ ನಂಜು ಎನ್ನುತ್ತಾರೆ. ಹೆಸರು ಹಾಗಿರುವುದರಿಂದಲೇ, ಬಸುರಿ ಏನೋ ತಿನ್ನಬಾರದ್ದನ್ನು ತಿಂದಳು ಎಂಬ ಆರೋಪ ಎಷ್ಟೋ ಮನೆಗಳಲ್ಲಿ ಹುಟ್ಟಿಕೊಳ್ಳುತ್ತದೆ. ಜಗತ್ತಿನಾದ್ಯಂತ ನೂರು ಬಸುರುಗಳಲ್ಲಿ 2ರಿಂದ 8ರಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆಯ ಮೊಳಕೆ, ಅದರಲ್ಲೂ ನಿಮಗೆ ಬಂದಂತೆ 34 ವಾರಕ್ಕೆ ಮೊದಲೇ ಬರುವ ಬಗೆಯಲ್ಲಿ, ಮಾಸು ಗರ್ಭಕೋಶದಲ್ಲಿ ಬೇರೂರುವ ದಿನಗಳಲ್ಲಿಯೇ ಇರುತ್ತದೆ. ಆಗ ಬಿಪಿ ಏರಿರುವುದಿಲ್ಲ, ತಾಯಿಗೆ ಯಾವ ತೊಂದರೆಯೂ ಅನುಭವಕ್ಕೆ ಬಂದಿರುವುದಿಲ್ಲ.

ಬೇರೂರುವುದು ಎಂದದ್ದು ಬರೀ ಉಪಮೆಯಲ್ಲ. ಮಾಸು ತಾಯಿಯ ದೇಹದಲ್ಲಿ ಬೆಳೆದರೂ ಅದರ ಬಹುಭಾಗ ಫಲಿತ ಅಂಡದಿಂದಲೇ ಹುಟ್ಟಿದ್ದು. ಅದರ ಕೆಲವು ಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ಇಳಿದು, ಅಲ್ಲಿನ ಸುರುಳಿಯಾಕಾರದ ಕಿರಿದಾದ ರಕ್ತನಾಳಗಳನ್ನು ಅಗಲಗೊಳಿಸಿ, ತಾಯಿಯ ರಕ್ತ ನಿಧಾನವಾಗಿ, ಧಾರಾಳವಾಗಿ ಹರಿದು ಬರುವಂತೆ ಮಾಡಬೇಕು. ದಿನ ತುಂಬುವ ಹೊತ್ತಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಈ ದಾರಿಯಲ್ಲಿ ಬರುತ್ತದೆ. ಕೋಶಗಳು ಸಾಕಷ್ಟು ಆಳಕ್ಕೆ ಇಳಿಯದೆ ಹೋದರೆ ನಾಳಗಳು ಕಿರಿದಾಗಿಯೇ ಉಳಿಯುತ್ತವೆ, ರಕ್ತ ರಭಸದಿಂದ ಚಿಮ್ಮಿ ಮಾಸಿನ ನವಿರಾದ ಎಳೆಗಳಿಗೆ ಪೆಟ್ಟು ಕೊಡುತ್ತದೆ, ಮಾಸು ಬಳಲುತ್ತದೆ.

ಬಳಲಿದ ಮಾಸು ತಾಯಿಯ ಬಿಪಿಯನ್ನು ಏರಿಸುವುದು ಹೇಗೆ ಎಂಬುದು ಬಹುಕಾಲ ತಿಳಿದಿರಲಿಲ್ಲ. ಅದಕ್ಕೆ ದೊಡ್ಡ ಸುಳಿವು ದೊರೆತದ್ದು ನಿಮ್ಮಂಥ ತಾಯಂದಿರು ಕೊಟ್ಟ ತುಣುಕುಗಳಿಂದಲೇ. ಬಾಸ್ಟನ್ನಿನಲ್ಲಿ ಮೂತ್ರಪಿಂಡ ತಜ್ಞರಾಗಿದ್ದ, ಭಾರತ ಮೂಲದ ಅನಂತ್ ಕರುಮಂಚಿ ಮತ್ತು ಅವರ ಸಂಗಡಿಗರು ನಂಜಿದ್ದ ತಾಯಂದಿರ ಮಾಸನ್ನೂ ಇಲ್ಲದವರ ಮಾಸನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವ ಜೀನ್‌ಗಳು ಎಷ್ಟು ಚುರುಕಾಗಿವೆ ಎಂಬುದನ್ನು ಸಾವಿರಾರು ಜೀನ್‌ಗಳಲ್ಲಿ ಒಟ್ಟಿಗೆ ಅಳೆದರು. ನಂಜಿನ ಮಾಸಿನಲ್ಲಿ ಎಸ್‌ಫ್ಲಿಟ್-1 ಎಂಬ ಪ್ರೋಟೀನಿನ ಜೀನ್ ಅತಿಯಾಗಿ ಕೆಲಸ ಮಾಡುತ್ತಿತ್ತು. ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಪೋಷಕ ಪ್ರೋಟೀನುಗಳನ್ನು ಇದು ರಕ್ತದಲ್ಲಿಯೇ ಹಿಡಿದು ಕಟ್ಟಿಹಾಕುತ್ತದೆ. ಬಸುರಿ ಇಲಿಗಳಿಗೆ ಈ ಪ್ರೋಟೀನನ್ನು ಕೊಟ್ಟಾಗ ಅವುಗಳ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿತು, ಮೂತ್ರಪಿಂಡದಲ್ಲಿಯೂ ನಂಜಿನ ಗುರುತುಗಳೇ ಕಂಡವು. ಈ ಫಲಿತಾಂಶ ಪ್ರಕಟವಾದದ್ದು 2003ರಲ್ಲಿ. ರಕ್ತಕ್ಕೆ ಏನೋ ಸೇರಿ ನಂಜಾಗುತ್ತದೆ ಎಂಬ ಹಿರಿಯರ ಊಹೆ ಪೂರ್ತಿ ತಪ್ಪಾಗಿರಲಿಲ್ಲ. ಆದರೆ ಹಾಗೆ ಸೇರುವ ವಸ್ತು ಬರುವುದು ಮಾಸಿನಿಂದ, ತಾಯಿಯ ತಟ್ಟೆಯಿಂದಲ್ಲ. ಈ ಮಾತನ್ನು ಅತ್ತೆಯವರಿಗೂ ಓದಿ ಹೇಳಿ.

ಹೂಳುವ ಪದ್ಧತಿಯ ಬಗ್ಗೆ: ಜೀನ್‌ಗಳ ಅಧ್ಯಯನಕ್ಕೆ ಬೇಕಾಗುವುದು ಕೆಲವೇ ಗ್ರಾಂ ಅಂಗಾಂಶ. ದಿನ ತುಂಬಿದ ಮಾಸು ಸುಮಾರು ಅರ್ಧ ಕಿಲೋ ತೂಗುತ್ತದೆ. ಉಳಿದ ಭಾಗವನ್ನು ಆಸ್ಪತ್ರೆಯವರು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಹಳದಿ ಚೀಲಕ್ಕೆ ಹಾಕಿ ವಿಲೇವಾರಿ ಮಾಡುತ್ತಾರೆ. ಮನೆಗೆ ಒಯ್ಯಬೇಕೆಂಬ ಇಚ್ಛೆ ಇದ್ದರೆ ಹೆರಿಗೆಗೆ ಮೊದಲೇ ಕೇಳಿಕೊಳ್ಳುವುದು ಉತ್ತಮ. ಪೂರ್ತಿ ಮಾಸನ್ನು ರೋಗಪರೀಕ್ಷೆಗೆ ಕಳಿಸಬೇಕಾದ ಸಂದರ್ಭದಲ್ಲಿ ಅದು ಸಾಧ್ಯವಾಗದಿರಬಹುದು. ಒಪ್ಪಿಗೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು, ಮತ್ತು ಅದನ್ನು ಹಿಂಪಡೆಯುವ ಹಕ್ಕು ನಿಮಗಿದೆ. ಬಿಪಿ ಏರಿ ಆಪರೇಷನ್ ಕೋಣೆಗೆ ಹೋಗುತ್ತಿರುವ ಹೆಣ್ಣುಮಗಳ ಮುಂದೆ ಕಾಗದ ಹಿಡಿಯಲು ಸರಿಯಾದ ಹೊತ್ತು ಅದಲ್ಲ. ಐದಾರು ತಿಂಗಳಿಗೇ, ತಪಾಸಣೆಗೆ ಬಂದ ದಿನ, ಮನೆಯವರೊಂದಿಗೆ ಕೂರಿಸಿಕೊಂಡು ಹೇಳಬೇಕಾದ ವಿಷಯವಿದು.

ಪ್ರಶ್ನೆ: ನಾನು ಜೈವಿಕ ತಂತ್ರಜ್ಞಾನದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಸಾರ್ವಜನಿಕ ಭಂಡಾರದಲ್ಲಿ ದೊರೆಯುವ, ಮಾಸಿನ ಜೀನ್ ಚಟುವಟಿಕೆಯ ಎರಡು ದತ್ತಾಂಶಗಳನ್ನು ಸೇರಿಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಂಜಿನ ಮಾಸಿಗೂ ಸಹಜ ಮಾಸಿಗೂ ನಡುವೆ ಮೂರು ಸಾವಿರಕ್ಕೂ ಹೆಚ್ಚು ಜೀನ್‌ಗಳಲ್ಲಿ ವ್ಯತ್ಯಾಸ ಕಂಡಿತು. ಗೈಡ್ ಸರ್ ಸಂತೋಷಪಟ್ಟರು, ಆದರೆ ನನಗೆ ಅನುಮಾನ. ಇಷ್ಟೊಂದು ವ್ಯತ್ಯಾಸ ನಿಜವಿರಬಹುದೇ? (ಧಾರವಾಡ)

ಉತ್ತರ: ನಿಮ್ಮ ಅನುಮಾನವನ್ನು ಬಿಡಬೇಡಿ. ಲೆಕ್ಕ ಮಾಡುವ ಮುನ್ನ ನೋಡಬೇಕಾದ ಒಂದು ಅಂಕಣ ನಿಮ್ಮ ಕೋಷ್ಟಕದಲ್ಲಿದೆ: ಹೆರಿಗೆಯಾದ ವಾರ. ನಂಜಿದ್ದ ತಾಯಂದಿರಲ್ಲಿ ಅನೇಕರಿಗೆ 30, 32, 34 ವಾರಕ್ಕೇ ಹೆರಿಗೆ ಮಾಡಿಸಿರುತ್ತಾರೆ. ಸಹಜ ಎಂದು ಗುರುತಿಸಿದವರು ಬಹುತೇಕ 38 ವಾರ ದಾಟಿದವರು. ಮಾಸು ವಾರವಾರಕ್ಕೂ ಬದಲಾಗುವ ಅಂಗ. 31 ವಾರದ ಮಾಸನ್ನು 39 ವಾರದ ಮಾಸಿನೊಂದಿಗೆ ಹೋಲಿಸಿದರೆ, ಇಬ್ಬರೂ ತಾಯಂದಿರು ಪೂರ್ಣ ಆರೋಗ್ಯವಾಗಿದ್ದರೂ, ಬಹಳಷ್ಟು ಜೀನ್‌ಗಳಲ್ಲಿ ವ್ಯತ್ಯಾಸ ಸಿಗುತ್ತದೆ. ನಿಮ್ಮ ಮೂರು ಸಾವಿರದಲ್ಲಿ ಎಷ್ಟು ನಂಜಿನವು, ಎಷ್ಟು ವಯಸ್ಸಿನವು ಎಂಬುದನ್ನು ಬೇರ್ಪಡಿಸದೆ ಆ ಸಂಖ್ಯೆಗೆ ಅರ್ಥವಿಲ್ಲ. ಬೇರ್ಪಡಿಸುವುದು ಸುಲಭವೂ ಅಲ್ಲ, ಏಕೆಂದರೆ 31ನೇ ವಾರದಲ್ಲಿ ಯಾವ ತೊಂದರೆಯೂ ಇಲ್ಲದೆ ಹೆರಿಗೆಯಾದ ತಾಯಿ ಸಿಗುವುದಿಲ್ಲ. ಅಷ್ಟು ಬೇಗ ಹುಟ್ಟಿದ ಮಗುವಿನ ಹಿಂದೆ ಸೋಂಕೋ, ನೀರು ಒಡೆದದ್ದೋ, ಏನಾದರೊಂದು ಕಾರಣ ಇದ್ದೇ ಇರುತ್ತದೆ. ಆದ್ದರಿಂದ ನಂಜಿಲ್ಲದ ಅಕಾಲಿಕ ಹೆರಿಗೆಗಳ ಗುಂಪೂ ಇರುವ ದತ್ತಾಂಶವನ್ನು ಆರಿಸಿಕೊಳ್ಳಿ. ದಿನ ತುಂಬಿದ ನಂಜಿನ ಮಾಸುಗಳನ್ನು ದಿನ ತುಂಬಿದ ಸಹಜ ಮಾಸುಗಳೊಂದಿಗೆ ಪ್ರತ್ಯೇಕವಾಗಿ ಹೋಲಿಸಿ.

ಎರಡನೆಯ ತೊಡಕು, ಮಾಸಿನ ಯಾವ ಭಾಗದ ತುಣುಕು ಎಂಬುದು. ತಾಯಿಯ ಕಡೆಯ ಮುಖದಿಂದ ತೆಗೆದರೆ ಗರ್ಭಕೋಶದ ಒಳಪದರದ ಕೋಶಗಳು ಸೇರಿಕೊಳ್ಳುತ್ತವೆ. ಇವು ತಾಯಿಯವು, ಮಾಸಿನವಲ್ಲ. ಆ ಒಳಪದರದಲ್ಲಿ ಚುರುಕಾಗಿರುವ ಪ್ರೊಲ್ಯಾಕ್ಟಿನ್ ಜೀನ್ ಕೆಲವು ಮಾದರಿಗಳಲ್ಲಿ ಮಾತ್ರ ಎದ್ದು ಕಂಡರೆ ಅಂಥ ಬೆರಕೆಯನ್ನು ಶಂಕಿಸಬೇಕು. ಹಿಮೋಗ್ಲೋಬಿನ್ ಜೀನ್‌ಗಳು ವಿಪರೀತವಾಗಿದ್ದರೆ ತುಣುಕನ್ನು ಸರಿಯಾಗಿ ತೊಳೆದಿಲ್ಲ ಎಂದು ತಿಳಿಯಬೇಕು. ಮಗು ಹೆಣ್ಣೋ ಗಂಡೋ ಎಂದು ದಾಖಲೆ ಹೇಳುವುದನ್ನು ಹೆಣ್ಣಿನ ಕೋಶಗಳಲ್ಲಿ ಚುರುಕಾಗಿರುವ ಎಕ್ಸ್‌ಐಎಸ್‌ಟಿ ಜೀನ್ ಮತ್ತು ಗಂಡಿನಲ್ಲಷ್ಟೇ ಇರುವ ವೈ ಕ್ರೋಮೋಸೋಮಿನ ಜೀನ್‌ಗಳು ಹೇಳುವುದರೊಂದಿಗೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಎಲ್ಲೋ ಚೀಟಿ ಅದಲುಬದಲಾಗಿದೆ. ಐದು ನಿಮಿಷದಲ್ಲಿ ಮುಗಿಯುವ ಈ ತಾಳೆಯನ್ನು ಮಾಡದೆಯೇ ತಿಂಗಳುಗಟ್ಟಲೆ ಲೆಕ್ಕ ಹಾಕಿದವರನ್ನು ನಾನು ಕಂಡಿದ್ದೇನೆ, ಅವರ ಶ್ರಮ ಕಂಡು ನೊಂದಿದ್ದೇನೆ.

ಇನ್ನು ಹೊತ್ತು. ಜೀನ್‌ಗಳ ಚಟುವಟಿಕೆಯನ್ನು ಅಳೆಯುವುದು ಅವುಗಳಿಂದ ಹುಟ್ಟುವ ಆರ್‌ಎನ್‌ಎ ಮೂಲಕ, ಅದು ಬೇಗ ಕೆಡುವ ವಸ್ತು. ಮಾಸು ಹೊರಬಂದ ಅರ್ಧ ಗಂಟೆಯೊಳಗೆ ತುಣುಕು ತೆಗೆದು ದ್ರವ ಸಾರಜನಕಕ್ಕೆ ಹಾಕಿದ್ದಕ್ಕೂ, ರಾತ್ರಿಯ ಹೆರಿಗೆಯ ಮಾಸನ್ನು ಬೆಳಗಿನವರೆಗೆ ಟ್ರೇನಲ್ಲಿಟ್ಟು ಆಮೇಲೆ ತೆಗೆದದ್ದಕ್ಕೂ ಅಜಗಜಾಂತರ. ಹೆರಿಗೆ ನೋವು ತಿಂದ ಮಾಸಿನಲ್ಲಿ ಆಮ್ಲಜನಕದ ಕೊರತೆಗೆ ಸ್ಪಂದಿಸುವ ಜೀನ್‌ಗಳು ಎದ್ದಿರುತ್ತವೆ, ನೋವು ಬರುವ ಮೊದಲೇ ಸಿಸೇರಿಯನ್ ಆದ ಮಾಸಿನಲ್ಲಿ ಹಾಗಿರುವುದಿಲ್ಲ. ನಿಮ್ಮ ಎರಡು ದತ್ತಾಂಶಗಳಲ್ಲಿ ಒಂದು ಮುಖ್ಯವಾಗಿ ಸಿಸೇರಿಯನ್ ಹೆರಿಗೆಗಳದ್ದಾಗಿ, ಇನ್ನೊಂದು ಸಹಜ ಹೆರಿಗೆಗಳದ್ದಾಗಿದ್ದರೆ, ಎರಡನ್ನೂ ಕಣ್ಣು ಮುಚ್ಚಿ ಬೆರೆಸಿದಾಗ ಕಾಣುವುದು ಹೆರಿಗೆಯ ವಿಧಾನದ ವ್ಯತ್ಯಾಸ.

ಇಷ್ಟೆಲ್ಲ ಸೋಸಿದ ಮೇಲೂ ಕೆಲವು ಜೀನ್‌ಗಳು ಉಳಿಯುತ್ತವೆ. ಎಸ್‌ಫ್ಲಿಟ್-1ರ ಮೂಲವಾದ ಎಫ್‌ಎಲ್‌ಟಿ1, ಲೆಪ್ಟಿನ್, ಎಂಡೋಗ್ಲಿನ್, ಎಚ್‌ಟಿಆರ್‌ಎ4 ಇವು ಬೇರೆ ಬೇರೆ ದೇಶಗಳ, ಬೇರೆ ಬೇರೆ ಯಂತ್ರಗಳ ದತ್ತಾಂಶಗಳಲ್ಲಿ ಮತ್ತೆ ಮತ್ತೆ ಕಂಡಿವೆ. ನಿಮ್ಮ ಪಟ್ಟಿಯಲ್ಲಿ ಇವೇ ಇಲ್ಲವಾದರೆ ಎಲ್ಲೋ ತಪ್ಪಿದೆ ಎಂದರ್ಥ. ಇವು ಎಲ್ಲ ನಂಜಿನ ಮಾಸುಗಳಲ್ಲಿಯೂ ಸಮನಾಗಿ ಏರಿರುವುದಿಲ್ಲ ಎಂಬುದನ್ನೂ ಗಮನಿಸಿ. ಒಂದೇ ಹೆಸರಿನ ಕಾಯಿಲೆಯೊಳಗೆ ಹಲವು ಬಗೆಗಳಿವೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು, ನೀವು ಬಳಸುತ್ತಿರುವಂಥ ಸಾರ್ವಜನಿಕ ದತ್ತಾಂಶಗಳನ್ನೇ ಒಟ್ಟುಗೂಡಿಸಿ, ಯಾವ ಮಾಸು ಯಾವುದರೊಂದಿಗೆ ಹೊಂದುತ್ತದೆ ಎಂದು ಗುಂಪು ಕಟ್ಟಿ ನೋಡಿದ್ದರಿಂದ. ನಿಮ್ಮ ಪ್ರಾಜೆಕ್ಟಿಗೆ ಈ ದಾರಿ ಮೂರು ಸಾವಿರ ಜೀನ್‌ಗಳ ಪಟ್ಟಿಗಿಂತ ಹೆಚ್ಚು ಫಲ ಕೊಟ್ಟೀತು.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಸರ್ ಅವರಿಗೂ ತಿಳಿದಿರಬಹುದಾದ ಒಂದು ಪ್ರಸಂಗವಿದೆ. ಮಾಸಿನಲ್ಲಿ ತನ್ನದೇ ಆದ ಬ್ಯಾಕ್ಟೀರಿಯಾ ಸಮುದಾಯ ಬದುಕುತ್ತದೆ ಎಂದು ಅಮೆರಿಕದ ಒಂದು ತಂಡ 320 ಮಾಸುಗಳ ಡಿಎನ್‌ಎ ಓದಿ 2014ರಲ್ಲಿ ಪ್ರಕಟಿಸಿತು. ಸುದ್ದಿ ಎಲ್ಲೆಡೆ ಹಬ್ಬಿತು. 2019ರಲ್ಲಿ ಕೇಂಬ್ರಿಜ್‌ನ ತಂಡವೊಂದು 537 ಮಾಸುಗಳನ್ನು ಎರಡು ಬೇರೆ ವಿಧಾನಗಳಿಂದ ಪರೀಕ್ಷಿಸಿ, ಕಂಡ ಬ್ಯಾಕ್ಟೀರಿಯಾ ಡಿಎನ್‌ಎಯಲ್ಲಿ ಬಹುಪಾಲು ಪ್ರಯೋಗಾಲಯದ ರಾಸಾಯನಿಕಗಳಿಂದಲೋ ಹೆರಿಗೆಯ ಸಮಯದಲ್ಲಿಯೋ ಸೇರಿಕೊಂಡದ್ದೆಂದು ತೋರಿಸಿತು. ಆರೋಗ್ಯವಂತ ಮಾಸಿನಲ್ಲಿ ಅಂಥ ಸಮುದಾಯ ಇಲ್ಲ. ಆದರೆ ಅದೇ ಅಧ್ಯಯನದಲ್ಲಿ, ಹೆರಿಗೆ ನೋವು ಶುರುವಾಗುವ ಮೊದಲೇ ಪಡೆದ ಮಾಸುಗಳಲ್ಲಿ ಸುಮಾರು 5 ಶೇಕಡಾದಷ್ಟರಲ್ಲಿ, ನವಜಾತ ಶಿಶುಗಳಿಗೆ ಅಪಾಯಕಾರಿಯಾದ ಬಿ ಗುಂಪಿನ ಸ್ಟ್ರೆಪ್ಟೋಕಾಕಸ್ ನಿಜವಾಗಿಯೂ ಕಂಡಿತು. ಬೆರಕೆಯನ್ನು ಸೋಸಿದ್ದರಿಂದಲೇ ಈ ಬೆಲೆಬಾಳುವ ಸಂಗತಿ ಉಳಿದು ಕಾಣಿಸಿತು.

ಪ್ರಶ್ನೆ: ನನ್ನ ಮಗಳಿಗೆ 12ನೇ ವಾರದಲ್ಲಿ ಎನ್‌ಐಪಿಟಿ ಎಂಬ ರಕ್ತಪರೀಕ್ಷೆ ಮಾಡಿಸಿದೆವು. ಮಗುವಿಗೆ ಕ್ರೋಮೋಸೋಮ್ ದೋಷದ ಸಂಭವ ಹೆಚ್ಚು ಎಂದು ವರದಿ ಬಂತು. ಒಂದು ತಿಂಗಳು ಮನೆಯಲ್ಲಿ ಯಾರೂ ನೆಮ್ಮದಿಯಿಂದ ಉಣ್ಣಲಿಲ್ಲ. ಆಮೇಲೆ ಗರ್ಭದ ನೀರು ತೆಗೆದು ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿದೆ ಎಂದರು. ಮಗುವಿನ ಡಿಎನ್‌ಎಯನ್ನೇ ಓದುವ ಪರೀಕ್ಷೆ ಹೀಗೆ ತಪ್ಪುವುದು ಹೇಗೆ? (ಬೆಂಗಳೂರು)

ಉತ್ತರ: ಆ ಒಂದು ತಿಂಗಳ ಸಂಕಟ ನನಗೆ ಅರ್ಥವಾಗುತ್ತದೆ. ರಕ್ತ ಕೊಡುವ ಮೊದಲೇ ಒಂದು ವಾಕ್ಯ ಹೇಳಿದ್ದರೆ ಅದರ ಭಾರ ಸ್ವಲ್ಪವಾದರೂ ಇಳಿಯುತ್ತಿತ್ತು: ಈ ಪರೀಕ್ಷೆ ಓದುವುದು ಮಗುವಿನ ಡಿಎನ್‌ಎಯನ್ನಲ್ಲ, ಮಾಸಿನ ಡಿಎನ್‌ಎಯನ್ನು.

ಗಂಡು ಮಗುವನ್ನು ಹೊತ್ತ ತಾಯಿಯ ರಕ್ತದ್ರವದಲ್ಲಿ ವೈ ಕ್ರೋಮೋಸೋಮಿನ ಚೂರುಗಳು ತೇಲುತ್ತವೆ ಎಂಬುದನ್ನು ವಿಜ್ಞಾನಿ ಡೆನಿಸ್ ಲೋ ಮತ್ತು ಅವರ ಸಂಗಡಿಗರು 1997ರಲ್ಲಿ ತೋರಿಸಿದರು. ಮಾಸಿನ ಹೊರಪದರ ನೇರವಾಗಿ ತಾಯಿಯ ರಕ್ತದಲ್ಲಿ ಅದ್ದಿಕೊಂಡಿರುತ್ತದೆ. ಅಲ್ಲಿ ಹಳೆಯ ಕೋಶಗಳು ಸಾಯುತ್ತ ಹೊಸವು ಬರುತ್ತ ಇರುವಾಗ ಒಡೆದ ಕೋಶಗಳ ಡಿಎನ್‌ಎ ಚೂರುಗಳು ತಾಯಿಯ ರಕ್ತ ಸೇರುತ್ತವೆ. ಹತ್ತು ವಾರ ಕಳೆದ ಮೇಲೆ, ರಕ್ತದ್ರವದಲ್ಲಿ ತೇಲುವ ಇಂಥ ಚೂರುಗಳಲ್ಲಿ ಸರಾಸರಿ ಹತ್ತರಲ್ಲೊಂದು ಪಾಲು ಮಾಸಿನಿಂದ ಬಂದದ್ದು, ಉಳಿದದ್ದು ತಾಯಿಯದೇ. ಹೆರಿಗೆಯಾಗಿ ಮಾಸು ಹೊರಬಂದ ಕೆಲವೇ ಗಂಟೆಗಳಲ್ಲಿ ಇವು ರಕ್ತದಿಂದ ಮಾಯವಾಗುತ್ತವೆ. 2011ರಿಂದ ಈ ತತ್ತ್ವದ ಮೇಲೆ ಡೌನ್ ಸಿಂಡ್ರೋಮ್ ಮುಂತಾದವುಗಳ ಪರೀಕ್ಷೆ ಬಳಕೆಗೆ ಬಂತು.

ಮಾಸೂ ಮಗುವೂ ಒಂದೇ ಫಲಿತ ಅಂಡದಿಂದ ಬಂದವು, ನಿಜ. ಆದರೆ ಕೆಲವೇ ದಿನಗಳಲ್ಲಿ ಎರಡರ ದಾರಿ ಕವಲೊಡೆಯುತ್ತದೆ. ಕವಲಿನ ನಂತರ ಮಾಸಿನ ಕಡೆಯ ಒಂದು ಕೋಶದಲ್ಲಿ ಕ್ರೋಮೋಸೋಮಿನ ಲೆಕ್ಕ ತಪ್ಪಿದರೆ, ಅದರ ಸಂತತಿ ಮಾಸಿನ ಒಂದು ಭಾಗವನ್ನು ತುಂಬುತ್ತದೆ, ಮಗುವನ್ನು ಮುಟ್ಟುವುದೇ ಇಲ್ಲ. ಮಾಸಿನ ಚೂರನ್ನು ನೇರವಾಗಿ ತೆಗೆದು ಪರೀಕ್ಷಿಸಿದ ಬಸುರುಗಳಲ್ಲಿ ನೂರಕ್ಕೆ ಒಂದೆರಡರಲ್ಲಿ ಹೀಗೆ ಮಾಸಿಗಷ್ಟೇ ಸೀಮಿತವಾದ ವ್ಯತ್ಯಾಸ ಸಿಗುತ್ತದೆ. 2021ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಒಂದೇ ಮಾಸಿನ ಬೇರೆ ಬೇರೆ ಜಾಗದ ತುಣುಕುಗಳ ಡಿಎನ್‌ಎಯನ್ನು ಪೂರ್ತಿಯಾಗಿ ಓದಿ, ಪ್ರತಿಯೊಂದು ತುಣುಕೂ ತನ್ನದೇ ಆದ ರೂಪಾಂತರಗಳನ್ನು ಹೊತ್ತಿದೆ ಎಂದು ಕಂಡುಕೊಂಡರು. ಮಾಸು ಒಂದೇ ಬಣ್ಣದ ಬಟ್ಟೆಯಲ್ಲ, ತೇಪೆ ತೇಪೆಯಾಗಿ ಹೊಲಿದ ಕೌದಿ. ಆದ್ದರಿಂದಲೇ ಎನ್‌ಐಪಿಟಿಯ ವರದಿ ಸಂಭವವನ್ನು ಹೇಳುತ್ತದೆ, ತೀರ್ಮಾನವನ್ನಲ್ಲ. ಗರ್ಭದ ನೀರಿನ ಪರೀಕ್ಷೆಯಿಂದ ಖಚಿತವಾಗುವವರೆಗೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬಾರದು. ನಿಮ್ಮ ಮಗಳ ವೈದ್ಯರಿಗೆ ಈ ಹಿಂದಿನ ವರದಿಯನ್ನು ತೋರಿಸಿಯೇ ಇರಿ. ವ್ಯತ್ಯಾಸ ಮಾಸಿನಲ್ಲಿ ನಿಜವಾಗಿ ಇದ್ದ ಪಕ್ಷದಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗುವ ಸಾಧ್ಯತೆ ಕೆಲವೊಮ್ಮೆ ಇರುವುದರಿಂದ ಸ್ಕ್ಯಾನಿಂಗ್‌ನಲ್ಲಿ ತೂಕವನ್ನು ಗಮನಿಸುತ್ತಿರಬೇಕು.

ಇದೇ ಪರೀಕ್ಷೆಯಿಂದ ಹೆಣ್ಣೋ ಗಂಡೋ ತಿಳಿಯಬಹುದಲ್ಲವೇ ಎಂದು ಬೇರೆ ಇಬ್ಬರು ಕೇಳಿದ್ದಾರೆ. 1994ರ ಕಾಯ್ದೆಯಂತೆ ಭಾರತದಲ್ಲಿ ಅದನ್ನು ತಿಳಿಸುವುದೂ ಕೇಳುವುದೂ ಅಪರಾಧ. ಹಾಗೆಯೇ ಇರಬೇಕು.

ಪ್ರಶ್ನೆ: ನನ್ನ ಅಕ್ಕನಿಗೆ ನಂಜಾಗಿತ್ತು. ನಾನೀಗ ಎರಡು ತಿಂಗಳ ಬಸುರಿ. ನನಗೂ ಬರುತ್ತದೆಯೇ ಎಂದು ರಕ್ತಪರೀಕ್ಷೆಯಿಂದ ಈಗಲೇ ತಿಳಿಯಬಹುದೇ? ತಿಳಿದರೆ ತಡೆಯಲು ಏನಿದೆ? (ಪುತ್ತೂರು)

ಉತ್ತರ: ಈಗಲೇ ಖಚಿತವಾಗಿ ಹೇಳುವ ಒಂದೇ ಪರೀಕ್ಷೆ ಇಲ್ಲ. 11ರಿಂದ 14 ವಾರದ ನಡುವೆ, ಬಿಪಿ, ಗರ್ಭಕೋಶದ ರಕ್ತನಾಳಗಳಲ್ಲಿ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್, ರಕ್ತದಲ್ಲಿ ಮಾಸಿನಿಂದ ಬರುವ ಪಿಎಲ್‌ಜಿಎಫ್ ಎಂಬ ಪ್ರೋಟೀನಿನ ಮಟ್ಟ ಮತ್ತು ನಿಮ್ಮ ಮನೆತನದ ಆರೋಗ್ಯದ ವಿವರ ಇವನ್ನು ಒಟ್ಟುಗೂಡಿಸಿ ಅಪಾಯವನ್ನು ಅಂದಾಜು ಮಾಡುವ ಕ್ರಮವಿದೆ. ಹೀಗೆ ಹೆಚ್ಚು ಅಪಾಯವೆಂದು ಕಂಡ 1,776 ಮಹಿಳೆಯರ ಮೇಲೆ ಯೂರೋಪಿನ ಹಲವು ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರಲ್ಲಿ 37 ವಾರಕ್ಕೆ ಮೊದಲು ನಂಜು ಬಂದದ್ದು ನೂರಕ್ಕೆ 1.6 ಮಂದಿಗೆ, ಔಷಧವಿಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ 4.3 ಮಂದಿಗೆ. ಮಾತ್ರೆಯನ್ನು ಶುರು ಮಾಡಿದ್ದು 11ರಿಂದ 14 ವಾರದೊಳಗೆ. ಆದ್ದರಿಂದ ನೀವು ಎರಡು ತಿಂಗಳಿಗೇ ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಅಕ್ಕನ ವಿಷಯವನ್ನು ವೈದ್ಯರಿಗೆ ಈ ವಾರವೇ ತಿಳಿಸಿ. ಆಸ್ಪಿರಿನ್ ಬೇಕೇ ಬೇಡವೇ ಎಂಬುದನ್ನು ಅವರು ನಿರ್ಧರಿಸಲಿ, ನೀವಾಗಿ ತೆಗೆದುಕೊಳ್ಳಬೇಡಿ.

ತಡವಾಗಿ ಉಪಯೋಗಕ್ಕೆ ಬರುವ ಇನ್ನೊಂದು ಪರೀಕ್ಷೆಯಿದೆ. ಆರು ತಿಂಗಳ ಮೇಲೆ ಬಿಪಿ ಏರಿಯೋ ತಲೆನೋವು ಬಂದೋ ನಂಜಿನ ಶಂಕೆ ಹುಟ್ಟಿದಾಗ, ಮೇಲೆ ಹೇಳಿದ ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್ ಪ್ರೋಟೀನುಗಳ ಅನುಪಾತವನ್ನು ನೋಡುತ್ತಾರೆ. ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ನಂಜು ಬರುವುದಿಲ್ಲ ಎಂಬ ಮಾತು ನೂರಕ್ಕೆ 99ಕ್ಕೂ ಹೆಚ್ಚು ಸಲ ನಿಜವಾಯಿತೆಂದು 2016ರ ಅಧ್ಯಯನ ತಿಳಿಸಿತು. 38ಕ್ಕಿಂತ ಹೆಚ್ಚಿದ್ದವರಲ್ಲಾದರೋ ನಾಲ್ಕು ವಾರದೊಳಗೆ ನಂಜು ಬಂದದ್ದು ನೂರಕ್ಕೆ ಸುಮಾರು 37 ಮಂದಿಗಷ್ಟೇ. ಅಂದರೆ ಈ ಪರೀಕ್ಷೆ ಭಯವನ್ನು ಹೋಗಲಾಡಿಸುವುದರಲ್ಲಿ ಗಟ್ಟಿ, ಭಯ ಹುಟ್ಟಿಸುವುದರಲ್ಲಿ ಅಷ್ಟು ಗಟ್ಟಿಯಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಪರೀಕ್ಷೆಗೆ ಮೊದಲ ಬಾರಿ ಒಪ್ಪಿಗೆ ಕೊಟ್ಟದ್ದು 2023ರಲ್ಲಿ. ಮಾಸಿನ ತುಣುಕಿನಲ್ಲಿ ಜೀನ್ ಕಂಡ ಇಪ್ಪತ್ತು ವರ್ಷಗಳ ಮೇಲೆ.

ಕ್ಯಾಲ್ಸಿಯಂ ಮಾತ್ರೆಯನ್ನು ಬಿಡಬೇಡಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಚೊಚ್ಚಲ ಬಸುರಿನ 11,000 ಮಹಿಳೆಯರೊಂದಿಗೆ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 500 ಮಿಲಿಗ್ರಾಂ ಪಡೆದವರಲ್ಲಿ ನೂರಕ್ಕೆ 3.0, ದಿನಕ್ಕೆ 1,500 ಮಿಲಿಗ್ರಾಂ ಪಡೆದವರಲ್ಲಿ 3.6 ಮಂದಿಗೆ ನಂಜಾಯಿತು. ಕಡಿಮೆ ಪ್ರಮಾಣವೂ ಹೆಚ್ಚಿನದಕ್ಕೆ ಸಮನಾಗಿ ಕೆಲಸ ಮಾಡಿತು. ದಿನಕ್ಕೆ ಮೂರು ದೊಡ್ಡ ಮಾತ್ರೆ ನುಂಗಲಾಗದೆ ಪೂರ್ತಿಯಾಗಿ ನಿಲ್ಲಿಸಿಬಿಡುವ ತಾಯಂದಿರಿಗೆ ಇದು ಸಮಾಧಾನದ ಸುದ್ದಿ.

ಪ್ರಶ್ನೆ: ನಾನು 1952ರಲ್ಲಿ ಇಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವನು. ನಮ್ಮಂಥವರ ಹುಟ್ಟಿದ ತೂಕವನ್ನು ಹುಡುಕಿ ಹೃದ್ರೋಗದ ಅಧ್ಯಯನ ಮಾಡಿದ್ದರೆಂದು ಕೇಳಿದ್ದೇನೆ. ಹೊಟ್ಟೆಯಲ್ಲಿದ್ದಾಗಿನ ಸಂಗತಿಗೂ ಎಪ್ಪತ್ತರ ವಯಸ್ಸಿಗೂ ಏನು ಸಂಬಂಧ? (ಮೈಸೂರು)

ಉತ್ತರ: ನೀವು ಕೇಳಿದ್ದು ನಿಜ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಮೈಸೂರಿನಲ್ಲಿಯೇ ಹುಡುಕಿ ತಪಾಸಣೆ ಮಾಡಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ 2.5 ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ 3 ಮಂದಿಗೆ. ಆ ಪುಸ್ತಕಗಳನ್ನು ಅಷ್ಟು ವರ್ಷ ಕಾಪಾಡಿದ, ಹೆಸರು ಉಳಿಯದ ದಾದಿಯರನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಮಗುವಿನ ತೂಕವನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಯಿಯ ಪೋಷಣೆ ಮತ್ತು ಅದನ್ನು ದಾಟಿಸುವ ಮಾಸಿನ ಸಾಮರ್ಥ್ಯ. ದೊರೆತದ್ದು ಕಡಿಮೆಯಾದಾಗ ಬೆಳೆಯುವ ದೇಹ ಮಿದುಳಿಗೆ ಮೊದಲ ಪಾಲು ಕೊಟ್ಟು, ಮೂತ್ರಪಿಂಡ, ಮೇದೋಜೀರಕ ಗ್ರಂಥಿಗಳಿಗೆ ಕಡಿಮೆ ಕೊಡುತ್ತದೆ. ಆ ಕೊರತೆ ನಡುವಯಸ್ಸಿನಲ್ಲಿ ಬಿಪಿಯಾಗಿ, ಸಕ್ಕರೆ ಕಾಯಿಲೆಯಾಗಿ ತೋರಬಹುದು. ನಿಮ್ಮ ತೂಕ ಕಡಿಮೆ ಇದ್ದಿತೆಂದು ಈಗ ತಿಳಿದರೂ ಮಾಡಬೇಕಾದದ್ದು ಎಲ್ಲರಂತೆಯೇ: ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳುವುದು, ನಡಿಗೆ ಬಿಡದಿರುವುದು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ದೊಡ್ಡ ಪ್ರಯೋಗಾಲಯದ ಈ ವಿಷಯಗಳಲ್ಲಿ ನಮ್ಮಂಥವರು ಮಾಡಬಹುದಾದದ್ದು ಏನಾದರೂ ಇದೆಯೇ? (ರಾಯಚೂರು ಜಿಲ್ಲೆ)

ಉತ್ತರ: ಇದೆ, ಮತ್ತು ನೀವು ಮಾಡದಿದ್ದರೆ ಬೇರೆ ಯಾರೂ ಮಾಡಲಾಗದ ಕೆಲಸ ಅದು. ಮೇಲಿನ ಉತ್ತರಗಳಲ್ಲಿ ವಾರದ ಮಾತು ಎಷ್ಟು ಸಲ ಬಂತೆಂದು ನೋಡಿ. ಮಾಸಿನ ಜೀನ್ ಆಗಲಿ, ರಕ್ತದ ಪ್ರೋಟೀನ್ ಆಗಲಿ, ಎಷ್ಟನೇ ವಾರದ್ದು ಎಂದು ತಿಳಿಯದಿದ್ದರೆ ಹೆಚ್ಚೋ ಕಡಿಮೆಯೋ ಹೇಳಲಾಗುವುದಿಲ್ಲ. ಆ ವಾರದ ಲೆಕ್ಕ ಶುರುವಾಗುವುದು ತಾಯಿ ಕಾರ್ಡಿನಲ್ಲಿ ನೀವು ಬರೆಯುವ ಕೊನೆಯ ಮುಟ್ಟಿನ ದಿನಾಂಕದಿಂದ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮೊದಲೇ ಹುಟ್ಟಿದರೆಂಬ ಅಂದಾಜಿದೆ. ಅವಧಿಗೆ ಮೊದಲು ಎಂಬುದೇ ದಿನಾಂಕವನ್ನು ಅವಲಂಬಿಸಿದ ಮಾತು. ಗುರುಗ್ರಾಮದ ಜಿಲ್ಲಾ ಆಸ್ಪತ್ರೆಯಲ್ಲಿ 2015ರಿಂದ ನಡೆಯುತ್ತಿರುವ ‘ಗರ್ಭಿಣಿ’ ಎಂಬ ಅಧ್ಯಯನದಲ್ಲಿ ಸಾವಿರಾರು ಬಸುರಿಯರನ್ನು ಮೊದಲ ತಿಂಗಳುಗಳಿಂದ ಹೆರಿಗೆಯವರೆಗೆ ಅನುಸರಿಸಿ, ರಕ್ತವನ್ನೂ ಮಾಸಿನ ಮಾದರಿಗಳನ್ನೂ ಕಾಪಿಡುತ್ತಿದ್ದಾರೆ. ಅಲ್ಲಿಯ ವಿಜ್ಞಾನಿಗಳು ಮತ್ತು ಐಐಟಿ ಮದ್ರಾಸಿನವರು ಕೂಡಿ, ಪಶ್ಚಿಮದ ಮಹಿಳೆಯರ ಅಳತೆಗಳಿಂದ ಮಾಡಿದ ಸೂತ್ರಗಳಿಗೆ ಬದಲಾಗಿ ನಮ್ಮ ತಾಯಂದಿರ ಸ್ಕ್ಯಾನ್ ಅಳತೆಗಳಿಂದಲೇ ಗರ್ಭದ ವಯಸ್ಸನ್ನು ಲೆಕ್ಕ ಹಾಕುವ ಸೂತ್ರಗಳನ್ನು ರೂಪಿಸಿದ್ದಾರೆ.

ನೀವು ಮಾಡಬೇಕಾದದ್ದು ಇಷ್ಟು. ಮುಟ್ಟಿನ ದಿನಾಂಕ ನೆನಪಿಲ್ಲವೆಂದಾಗ ಅಂದಾಜಿನಲ್ಲಿ ಒಂದನೇ ತಾರೀಖು ಎಂದೋ ಹದಿನೈದು ಎಂದೋ ಬರೆಯಬೇಡಿ. ಹಬ್ಬ, ಜಾತ್ರೆ, ಅಮಾವಾಸ್ಯೆ, ಮನೆಯ ಮದುವೆ, ಯಾವುದರ ಹಿಂದುಮುಂದು ಎಂದು ಕೇಳಿ ದಿನವನ್ನು ಹಿಡಿಯಿರಿ, ಅಂದಾಜಾದರೆ ಅಂದಾಜು ಎಂದೇ ಬರೆಯಿರಿ. ಮೊದಲ ಸ್ಕ್ಯಾನನ್ನು 14 ವಾರದೊಳಗೆ ಮಾಡಿಸಲು ಒತ್ತಾಯಿಸಿ. ಆಗ ಸಿಗುವ ಲೆಕ್ಕ ಹೆಚ್ಚೆಂದರೆ ಒಂದು ವಾರ ಆಚೀಚೆಯಾದೀತು. ಏಳು ತಿಂಗಳ ಮೇಲೆ ಮೊದಲ ಸಲ ಮಾಡಿಸಿದ ಸ್ಕ್ಯಾನಿನ ಲೆಕ್ಕ ಮೂರು ವಾರ ತಪ್ಪಬಹುದು. ನಂಜಾಗಿದ್ದ ತಾಯಂದಿರ ಬಿಡುಗಡೆ ಚೀಟಿಯನ್ನು, ಹೆರಿಗೆಯಾದ ವಾರ ಮತ್ತು ಮಗುವಿನ ತೂಕದೊಂದಿಗೆ, ತಾಯಿ ಕಾರ್ಡಿಗೆ ಸೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಲು ಹೇಳಿ. ಮುಂದಿನ ಬಸುರಿಗೆ ಅದು ಬೇಕು. ನಂಜಾದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇರುವುದರಿಂದ, ನಲವತ್ತರ ವಯಸ್ಸಿನಲ್ಲಿ ಬಿಪಿ ನೋಡಿಸಲು ಹೋದ ದಿನವೂ ವೈದ್ಯರ ಮುಂದೆ ಆ ಚೀಟಿ ಇರಬೇಕು.